ಉಡಿಯ ಅಕ್ಕಿ, ವಕೀಲರ ಕಾಗದ

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಸವಣೂರಿನಲ್ಲಿದ್ದಾಗ ನನ್ನ ಒಂಬತ್ತು ವರ್ಷದ ಮಗಳ ಬಲಗೈ ಹಿಟ್ಟಿನ ಗಿರಣಿಯ ಪಟ್ಟಾಕ್ಕೆ ಸಿಕ್ಕಿತು. ಜೋಳ ಬೀಸಿಸಿಕೊಂಡು ಬಾ ಎಂದು ಕಳಿಸಿದವನು ನಾನೇ. ಗರಗರ ತಿರುಗುವ ಆ ಬೆಲ್ಟಿಗೆ ಜಾಳಿಗೆಯ ಮರೆ ಇರಲಿಲ್ಲ. ಎಷ್ಟೋ ಸಲ ಅದನ್ನು ನೋಡಿ, ಒಂದು ದಿನ ಯಾರಿಗಾದರೂ ಪೆಟ್ಟಾದೀತೆಂದು ಚಿಂತಿಸಿ, ಏನೂ ಹೇಳದೆ ಮನೆಗೆ ಬಂದಿದ್ದೆ. ಚಿಂತಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ತಾಲೂಕಿನಲ್ಲಿ ಇರಲಿಲ್ಲ.

ಗಾಯ ಮಾಯಿತು, ಆದರೆ ಎರಡು ಬೆರಳು ಮಡಚದಾದವು. ಇನ್ನೊಂದು ಶಸ್ತ್ರಕ್ರಿಯೆ ಆದರೆ ಮಡಚಬಹುದು, ಆದರೆ ಬೇಗ ಆಗಬೇಕು ಎಂದರು ಹುಬ್ಬಳ್ಳಿಯ ಡಾಕ್ಟರು. ನನ್ನ ಗುಮಾಸ್ತನ ಪಗಾರದಲ್ಲಿ ಆಗುವ ಮಾತಲ್ಲ ಅದು. ಶಿಗ್ಗಾಂವಿಯ ವಕೀಲರ ಹತ್ತಿರ ಹೋದೆ.

"ಗಿರಣಿಯವರ ಮ್ಯಾಲ ಪರಿಹಾರದ ದಾವಾ ಹಾಕೋಣ್ರಿ. ನೋಟಿಸು ಮುಟ್ಟಿದ ಕೂಡ್ಲೆ ಅರ್ಧಾ ಮಂದಿ ಮನ್ಯಾಗ ಮುಗಸ್ಕೋತಾರ," ಎಂದು ಅವರು ವಕಾಲತ್ತಿನ ಕಾಗದ ಮುಂದಿಟ್ಟರು. ಮನೆಯಲ್ಲಿ ವಿಚಾರಿಸಿ ಬರುತ್ತೇನೆಂದು ಅದನ್ನು ಮಡಚಿ ಕಿಸೆಗೆ ಹಾಕಿಕೊಂಡೆ.

ಬಸ್ಸಿನಲ್ಲಿ ಒಂದೇ ಸಮನೆ ವಿಚಾರ. ಗಿರಣಿಯವರು ಪಕ್ಕದ ಓಣಿಯವರು. ದಾವಾ ಹಾಕಿದರೆ ಹತ್ತಿಮತ್ತೂರಿನ ಗಿರಣಿಯವರೆಗೆ ಜೋಳ ಹೊತ್ತುಕೊಂಡು ಹೋಗಬೇಕೇ? ಸಣ್ಣ ಹುಡುಗಿಯನ್ನು ಯಾಕೆ ಕಳಿಸಿದೆ ಎಂದು ಕೋರ್ಟಿನಲ್ಲಿ ಕೇಳಿದರೆ? ಹಾಕದಿದ್ದರೆ, ಆ ಬೆರಳು? ಇಳಿಯುವುದನ್ನೇ ಮರೆತು, ಮುಂದೆಲ್ಲೋ ಇಳಿದು ನಡೆದು ಬಂದೆ.

ಮನೆಯಲ್ಲಿ ಮಗಳು ಮಣೆಯ ಮೇಲೆ ಕೂತಿದ್ದಳು. ಗಿರಣಿಯವರ ಹೆಂಡತಿ ಅವಳ ಉಡಿ ತುಂಬುತ್ತಿದ್ದರು: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಹಸಿರು ಖಣ. "ಆಗಿದ್ದು ಆಗಿ ಹೋತು ತಂಗೀ, ಸಿಟ್ಟ ಇಟ್ಕೋಬ್ಯಾಡ," ಎಂದು ನನ್ನ ಹೆಂಡತಿಯ ಕೈ ಹಿಡಿದು, ಕಣ್ಣು ಒರೆಸಿಕೊಂಡು ಹೋದರು.

ನನಗೆ ಒಳಗೊಳಗೇ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ. ಉಡಿ ತುಂಬಿಸಿಕೊಂಡು ಆ ಅಕ್ಕಿ ಬೇಯಿಸಿ ಉಂಡರೆ ಆ ಮನೆಯ ಜೊತೆ ಜಗಳ ಮುಗಿದಂತೆ, ನಮ್ಮ ಓಣಿಯ ರೂಢಿ ಅದು. ಅಂದರೆ ನಾನು ಏನನ್ನೂ ನಿರ್ಧರಿಸಬೇಕಾಗಿಲ್ಲ!

ವಕೀಲರ ಮಾತನ್ನು ಹೆಂಡತಿಗೆ ಅಂದೇ ಹೇಳಿದೆ. ಆದರೆ ಮೂರು ದಿನ ಅಕ್ಕಿಯ ಗಂಟು ಗೂಡಿನಲ್ಲೇ ಇತ್ತು. ಅದನ್ನು ನೋಡಲೆಂದೇ ನಾನು ಅಡುಗೆಮನೆಗೂ ಪಡಸಾಲೆಗೂ ತಿರುಗಿದೆ. ನಾಲ್ಕನೆಯ ದಿನ ಮಧ್ಯಾಹ್ನ ತಾಟಿಗೆ ಅನ್ನ ಬಿತ್ತು.

"ಉಡಿ ಅಕ್ಕೀದೇನ ಇದು?"

"ಹೌದ್ರಿ."

"ಅಂದ್ರ ದಾವಾ ಬ್ಯಾಡ ಅಂದಂಗಾತು."

"ಯಾರ ಅಂದ್ರು?" ಎಂದಳು ಹೆಂಡತಿ. "ಉಡಿ ತುಂಬಿದ್ದು ಹುಡುಗೀಗೆ, ನಿಮಗಲ್ಲ. ಆಕೀಗೆ ಯಾರ ಮ್ಯಾಲೂ ಸಿಟ್ಟಿಲ್ಲ, ಉಣ್ಣಾಕತ್ತಾಳ. ಸಹಿ ಮಾಡೂದು ನಿಮ್ಮ ಕೈ. ಅದಕ್ಕೇನಾಗೈತಿ?"

ಮಗಳು ಎಡಗೈಯಿಂದ ಸಾರು ಅನ್ನ ಕಲೆಸುತ್ತಿದ್ದಳು. ಎಡಗೈಯಲ್ಲಿ ಉಂಡರೂ ಯಾರೂ ಬೈಯದಿದ್ದುದಕ್ಕೆ ಅವಳಿಗೇ ನಾಚಿಕೆಯಾಗಿರಬೇಕು. "ಬಲಗೈ ಬರೂತನಕ ಅಷ್ಟ ಅಪ್ಪಾ," ಎಂದಳು.

ಕೈ ತೊಳೆದು ಕಾಗದ ಬಿಚ್ಚಿದೆ. ಸಹಿ ಮಾಡುವ ಜಾಗಕ್ಕೆ ವಕೀಲರು ಪೆನ್ಸಿಲಿನಿಂದ ಗುರುತು ಹಾಕಿದ್ದರೂ ಇಲ್ಲೇನಾ ಎಂದು ಹೆಂಡತಿಯನ್ನು ಎರಡು ಸಲ ಕೇಳಿದೆ.

"ಅಲ್ಲೇ ರೀ. ಮಾಡ್ರಿ."

ಮಾಡಿದೆ. ಮರುದಿನ ಶಿಗ್ಗಾಂವಿಯ ಬಸ್ಸಿಗೆ ಹೋಗುವಾಗ, ಗಿರಣಿಯ ಮುಂದಿನ ದಾರಿ ಬಿಟ್ಟು ಎರಡು ಓಣಿ ಸುತ್ತು ಹಾಕಿಕೊಂಡೇ ಹೋದೆ.