ತಲೆ ತಗ್ಗಿಸಿ ಒಂದು ಗುಟುಕು

ಮಂಗಳವಾರ. ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಕಡಲಂಚಿನ ಮೀನುಗಾರರ ಊರಾದ ಕಿಲಿಯನ್ಸ್ ಕೋವ್‌ನ ಆಸ್ಪತ್ರೆಯ ಅಡುಗೆಮನೆಯಲ್ಲಿ ಲೊರೆಟ್ಟಾ ಕೋಡಿ ಸೂಜಿಯಿಲ್ಲದ ಸಿರಿಂಜೊಂದನ್ನು ಎತ್ತಿ ಹಿಡಿದು ನಿಂತಿದ್ದಾರೆ. ಒಳಗಿರುವುದು ಔಷಧಿಯಲ್ಲ, ಚಹಾ. ತುದಿಗೆ ಒತ್ತಿದ್ದ ಬೆರಳನ್ನು ತೆಗೆಯುತ್ತಾರೆ. ಚಹಾ ಕೆಳಗಿನ ಬಟ್ಟಲಿಗೆ ನಿಧಾನವಾಗಿ ಇಳಿಯತೊಡಗುತ್ತದೆ. ಗೋಡೆ ಗಡಿಯಾರ ನೋಡುತ್ತ ತುಟಿಯಲ್ಲೇ ಎಣಿಸಿ, ಹತ್ತಕ್ಕೆ ಮತ್ತೆ ಬೆರಳು ಒತ್ತುತ್ತಾರೆ. ಅರ್ಧಕ್ಕಿಂತ ಹೆಚ್ಚು ಒಳಗೇ ಉಳಿದಿದೆ.

"ಮಂದ ಸರಿಯಾಯ್ತು," ಎನ್ನುತ್ತಾರೆ.

"ನಿಂಗೆ ಸರಿ," ಎಂದು ಒಲೆಯ ಹತ್ತಿರದಿಂದ ಅಡುಗೆಯ ಉರ್ಸುಲಾ ಹರ್ನ್ ಗೊಣಗುತ್ತಾರೆ. "ವಾರ್ಡಲ್ಲಿ ಇದನ್ನ ಕುಡಿಯೋ ಫಾನ್ಸ್ ಚಹಾ ಅನ್ನಲ್ಲ, ಗೋಡೆಗೆ ಕಾಗದ ಅಂಟಿಸೋ ಗೋಂದು ಅಂತಾನೆ. ನಿನ್ನೆ ಕೇಳ್ದ, ಯಾವ ಕೋಣೆಗೆ ಬಳೀತಿದ್ದೀಯಾ ಅಂತ."

"ಅನ್ಲಿ ಬಿಡು ಚಿನ್ನಾ. ಅನ್ನೋಕೆ ಉಸಿರಿದೆಯಲ್ಲ."

ಈ ದಡದಲ್ಲಿ ಪಾದ್ರಿಯಿಂದ ಹಿಡಿದು ಬೀದಿ ಬೆಕ್ಕಿನವರೆಗೆ ಎಲ್ಲರೂ ಎಲ್ಲರಿಗೂ ಚಿನ್ನವೇ. ಏಳಕ್ಕೆ ತಟ್ಟೆಗಳು ವಾರ್ಡಿಗೆ ಹೊರಡುವ ಮೊದಲು ಇನ್ನೂ ಎಂಟು ಜನರ ತಿಂಡಿ ನೋಡುವುದಿದೆ. ಒಬ್ಬರಿಗೆ ನುಣ್ಣಗೆ ಅರೆದದ್ದು, ಇಬ್ಬರಿಗೆ ಸಣ್ಣಗೆ ಕೊಚ್ಚಿದ್ದು, ಇನ್ನೊಬ್ಬರಿಗೆ ಬ್ರೆಡ್ಡು ಕೂಡದು. ನೆನೆಸಿ ಬೇಯಿಸಿದ ಉಪ್ಪುಮೀನನ್ನು ಲೊರೆಟ್ಟಾ ಫೋರ್ಕಿನಿಂದ ಒತ್ತಿ ನೋಡುತ್ತಾರೆ. ಫೋರ್ಕಿನ ಹಲ್ಲುಗಳ ಸಂದಿಯಲ್ಲಿ ತೂರದ ಚೂರು ಯಾರ ತಟ್ಟೆಗೂ ಹೋಗುವಂತಿಲ್ಲ. ಒಂದು ಚೂರು ಸಿಕ್ಕಿಕೊಳ್ಳುತ್ತದೆ. ಉರ್ಸುಲಾ ತುಟಿ ಬಿಗಿದು ಇಡೀ ಬಟ್ಟಲನ್ನು ಮತ್ತೆ ಹಲಗೆಯ ಮೇಲೆ ಸುರಿದುಕೊಂಡು ಚಾಕು ಹಿಡಿಯುತ್ತಾರೆ. ಇಪ್ಪತ್ತು ವರ್ಷದಿಂದ ಇವರಿಬ್ಬರೂ ಹೀಗೆ ಜಗಳವಾಡುತ್ತಲೇ ಊರಿನವರಿಗೆ ಉಣ್ಣಿಸುತ್ತಿದ್ದಾರೆ.

ಲೊರೆಟ್ಟಾ ಅವರ ಕೋಣೆಯ ಬಾಗಿಲಿನ ಮೇಲೆ 'ಸ್ಪೀಚ್ ಥೆರಪಿ' ಎಂದಿದೆ. ಇಪ್ಪತ್ತೆರಡು ವರ್ಷದಿಂದ ಈ ಊರಲ್ಲೇ ಬಿದ್ದುಕೊಂಡಿರುವ ನಾನೂ ಅದನ್ನು ಓದಿ, ಉಗ್ಗುವ ಮಕ್ಕಳಿಗೆ ಮಾತು ಕಲಿಸುವವರು ಅಂದುಕೊಂಡಿದ್ದೆ. ಪತ್ರಿಕೆಯವನಾಗಿಯೂ ಒಂದು ದಿನ ಒಳಗೆ ಹೋಗಿ ಕೇಳಿರಲಿಲ್ಲ. ಅದು ನನ್ನ ಸೋಮಾರಿತನ, ಬೇರೆ ಹೆಸರಿಡುವುದಿಲ್ಲ. ಅವರ ದಿನದ ಮುಕ್ಕಾಲು ಪಾಲು ಹೋಗುವುದು ನುಂಗಲಾರದ ದೊಡ್ಡವರ ಜೊತೆ.

"ಮಾತಾಡೋದೂ ಇದೇ ನಾಲಿಗೇಲಿ, ನುಂಗೋದೂ ಇದೇ ನಾಲಿಗೇಲಿ," ಎನ್ನುತ್ತಾರೆ ಲೊರೆಟ್ಟಾ. "ಹೊರಗೆ ಹೋಗೋ ದಾರಿ ರಿಪೇರಿ ಮಾಡೋಳು ಒಳಗೆ ಹೋಗೋ ದಾರೀನೂ ನೋಡ್ಬೇಕಲ್ವಾ?"

ಅವರಿಗೀಗ ಐವತ್ತೆಂಟು. ಮೂರು ಆಸ್ಪತ್ರೆ, ಒಂದು ವೃದ್ಧರ ಮನೆ, ಇಡೀ ದಡಕ್ಕೆ ಇವರೊಬ್ಬರೇ. ವಾರದಲ್ಲಿ ಮೂರು ದಿನ ನೂರಾ ಅರವತ್ತು ಕಿಲೋಮೀಟರು ಕಾರು ಓಡಿಸುತ್ತಾರೆ, ಮಂಜಿನಲ್ಲಿ ರಸ್ತೆಗಡ್ಡ ನಿಲ್ಲುವ, ಕಡವೆಗಿಂತ ದೊಡ್ಡ ಮೂಸ್‌ಗಳಿಗೆ ಶಾಪ ಹಾಕುತ್ತ. ದಿನಕ್ಕೆ ಹನ್ನೊಂದು ಹನ್ನೆರಡು ಜನ. ಪಾರ್ಶ್ವವಾಯು ಹೊಡೆದವರು, ಕೈಕಾಲು ನಡುಗುವ ಕಾಯಿಲೆಯವರು, ಗಂಟಲ ಕ್ಯಾನ್ಸರಿಗೆ ವಿಕಿರಣ ಹಾಯಿಸಿಕೊಂಡವರು, ಮರೆವಿನಿಂದ ಬಾಯಲ್ಲಿ ತುತ್ತಿಟ್ಟುಕೊಂಡೇ ಕೂರುವವರು. ನಾವು ನೀವು ದಿನಕ್ಕೆ ಐನೂರು, ಆರುನೂರು ಸಲ ನುಂಗುತ್ತೇವೆ. ಒಂದೂ ನಮ್ಮ ಗಮನಕ್ಕೆ ಬರುವುದಿಲ್ಲ. ಇವರ ಹತ್ತಿರ ಬರುವವರಿಗೆ ಪ್ರತಿಯೊಂದೂ ಗಮನಕ್ಕೆ ಬರುತ್ತದೆ.

ಲೊರೆಟ್ಟಾ ಹುಟ್ಟಿದ್ದು ಇದೇ ಕೋವ್‌ನಲ್ಲಿ. ಏಳನೇ ವಯಸ್ಸಿಗೇ ಹಲಗೆಗೆ ಹೊಡೆದ ಮೊಳೆಯ ಮೇಲೆ ಕಾಡ್ ಮೀನಿನ ತಲೆ ಸಿಕ್ಕಿಸಿ, ನಾಲಿಗೆ ಕತ್ತರಿಸಿ ಮನೆಮನೆಗೆ ಮಾರಿದವರು. "ನಾವೆಲ್ಲ ಅದನ್ನ ನಾಲಿಗೆ ಅಂತೀವಿ. ಅದು ನಾಲಿಗೆ ಅಲ್ಲವೇ ಅಲ್ಲ, ಗಂಟಲಿನ ಮಾಂಸ. ನಂಗಿದು ಗೊತ್ತಾಗೋಕೆ ಮೂವತ್ತು ವರ್ಷ ಬೇಕಾಯ್ತು." ಹದಿನೇಳಕ್ಕೆ ಮೀನು ಕಾರ್ಖಾನೆ ಸೇರಿ ಮುಳ್ಳು ಬಿಡಿಸುವ ಸಾಲಿನಲ್ಲಿ ನಿಂತರು. ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ ಸರಕಾರ ಕಾಡ್ ಹಿಡಿಯುವುದನ್ನು ನಿಲ್ಲಿಸಿತು, ಕಾರ್ಖಾನೆಗೆ ಬೀಗ ಬಿತ್ತು. ಊರಿನ ಅರ್ಧ ಜನ ಕೆಲಸ ಹುಡುಕಿ ಪಶ್ಚಿಮಕ್ಕೆ ಹೋದಾಗ ಇವರು ಹ್ಯಾಲಿಫ್ಯಾಕ್ಸ್‌ಗೆ ಹೋಗಿ, ತಮಗಿಂತ ಎಂಟು ವರ್ಷ ಚಿಕ್ಕವರ ಪಕ್ಕ ಕಾಲೇಜು ಬೆಂಚಿನ ಮೇಲೆ ಕೂತರು. ಓದಿ ಮುಗಿಸಿ ಹಿಂದಕ್ಕೆ ಬಂದರು. ಯಾಕೆ ಇದೇ ಓದು ಎಂದು ನಾನು ಕೇಳಿದರೆ, "ತಡಿ, ಫಾನ್ಸ್ ಕಾಯ್ತಿದ್ದಾನೆ," ಎಂದು ಟ್ರೇ ಎತ್ತಿಕೊಳ್ಳುತ್ತಾರೆ.

ಫಾನ್ಸ್ ಟೋಬಿನ್‌ಗೆ ಎಪ್ಪತ್ತೊಂದು. ಐವತ್ತು ವರ್ಷ ದೋಣಿ ನಡೆಸಿದ ಆಳು. ಫೆಬ್ರವರಿಯಲ್ಲಿ ಪಾರ್ಶ್ವವಾಯು ಹೊಡೆಯಿತು. ಕೈ ಬಂತು, ಕಾಲು ಬಂತು, ಮಾತು ಸ್ವಲ್ಪ ಎಳೆದರೂ ಬಂತು. ನುಂಗುವುದು ಮಾತ್ರ ಸರಿಹೋಗಲಿಲ್ಲ. ತೆಳುವಾದ ಪಾನೀಯ ತಪ್ಪು ದಾರಿಗೆ ಜಾರುತ್ತಿತ್ತು. ಪಾನೀಯ ಮಂದವಾಗಿರಬೇಕು ಎಂದು ಹೇಳಿ, ಬೆರೆಸುವ ಪುಡಿ ಕೊಟ್ಟು ಮನೆಗೆ ಕಳಿಸಿದ್ದರು. ಹದಿನೈದೇ ದಿನಕ್ಕೆ ನ್ಯುಮೋನಿಯಾ. ಗುಣವಾಗಿ ಹೋದವರು ಮತ್ತೆ ಮೂರು ವಾರಕ್ಕೆ ಎದೆಯೆಲ್ಲ ಕಟ್ಟಿಕೊಂಡು ಬಂದರು. ಎರಡನೇ ಸಲ ಡಾಕ್ಟರು ಹೊಟ್ಟೆಗೆ ನಳಿಗೆ ಹಾಕುವ ಮಾತೆತ್ತಿದರು. ನಳಿಗೆಯಲ್ಲೂ ಜೀವ ನಡೆಯುತ್ತದೆ, ಅದರಿಂದ ಬದುಕುಳಿದವರು ಎಷ್ಟೋ ಜನ. ಫಾನ್ಸ್ ಕೇಳಿದ್ದು ಒಂದೇ: "ಆಮೇಲೆ ನಮ್ಮನೆ ಮೇಜಲ್ಲಿ ನಾನ್ಯಾಕೆ ಕೂತ್ಕೋಬೇಕು?"

ಎರಡನೇ ನ್ಯುಮೋನಿಯಾದ ಕಾರಣ ಹುಡುಕಿದ್ದು ಲೊರೆಟ್ಟಾ. ಫಾನ್ಸ್ ಹೆಂಡತಿ ಕಾರ್ಮೆಲ್‌ರನ್ನು ಕೂರಿಸಿಕೊಂಡು ಮನೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಏನೇನು ಕೊಟ್ಟಿರಿ ಎಂದು ಬೈಯದೆ, ಬೆದರಿಸದೆ ಕೇಳಿದರು. ಚಹಾಕ್ಕೆ ಪುಡಿ ಹಾಕಿದರೆ ಗಂಡ ಮುಖ ಕಿವುಚುತ್ತಿದ್ದರಂತೆ. ಅದಕ್ಕೆ ಕಾರ್ಮೆಲ್ ಪುಡಿ ಬಿಟ್ಟು ಡಬ್ಬಿ ಹಾಲನ್ನು ದುಪ್ಪಟ್ಟು ಸುರಿದರು. ಹಸು ಕಾಣದ ಈ ದಡದಲ್ಲಿ ಮೂರು ತಲೆಮಾರು ಡಬ್ಬಿ ಹಾಲಿನಲ್ಲೇ ಬೆಳೆದಿದೆ. ನೋಡಲು ಕೆನೆಯಂತಿರುವ ಅದು ಮಂದವಲ್ಲ ಎಂದರೆ ಇಲ್ಲಿ ಯಾರು ನಂಬುತ್ತಾರೆ? ಬೇರೆ ಊರಿನವರಿಗೆ ಹೊಳೆಯದ ತಪ್ಪು ಇದು. ಲೊರೆಟ್ಟಾ ಅವರೆದುರೇ ಸಿರಿಂಜಿಗೆ ಡಬ್ಬಿ ಹಾಲು ತುಂಬಿ ಬೆರಳು ತೆಗೆದರು. ಹತ್ತೆಣಿಸುವಷ್ಟರಲ್ಲಿ ತಳದಲ್ಲಿ ಚೂರು ಬಿಟ್ಟರೆ ಉಳಿದದ್ದೆಲ್ಲ ಇಳಿದುಹೋಗಿತ್ತು.

"ಕೆಮ್ಮಲೇ ಇಲ್ವಲ್ಲೇ ಲೊರೆಟ್ಟಾ," ಅಂದರಂತೆ ಕಾರ್ಮೆಲ್. "ಕೆಮ್ಮಿದ್ರೆ ನಾನು ನಿಲ್ಲಿಸ್ತಿದ್ದೆ."

"ಅದೇ ಭಯ ಚಿನ್ನಾ. ಅವನ ಗಂಟಲಿಗೆ ಕೆಮ್ಮೋದೂ ಮರೆತುಹೋಗಿದೆ. ನಾವು ನೆತ್ತಿಗೇರ್ತು ಅಂತ ಬೆನ್ನು ತಟ್ತೀವಿ. ಅದು ಏರೋದಲ್ಲ, ಎದೆಗೆ ಇಳಿಯೋದು. ಸದ್ದೇ ಮಾಡ್ದೆ."

ಆಗ ಕಾರ್ಮೆಲ್ ಕೇಳಿದರು, ಹಾಗಾದರೆ ನಾನೇ ಅವನನ್ನು ಸಾಯಿಸುತ್ತಿದ್ದೆನಾ ಎಂದು. ಲೊರೆಟ್ಟಾ ಬಾಗಿಲು ಹಾಕಿಬಂದು ಒಂದು ಮಾತು ಹೇಳಿದರು. ಆ ಮಾತನ್ನು ನನಗೆ ತಲುಪಿಸಿದವರು ಕಾರ್ಮೆಲ್, ಲೊರೆಟ್ಟಾ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕಾರ್ಖಾನೆ ಮುಚ್ಚುವ ಹಿಂದಿನ ಚಳಿಗಾಲ ಲೊರೆಟ್ಟಾ ಅವರ ಅಪ್ಪನಿಗೆ ಇದೇ ಪಾರ್ಶ್ವವಾಯು ಹೊಡೆದಿತ್ತು. ಮಗಳು ದಿಂಬಿಗೊರಗಿಸಿ ಡಬ್ಬಿ ಹಾಲಿನ ಚಹಾ ಕುಡಿಸುತ್ತಿದ್ದಳು. ಕೆಮ್ಮಿದರೆ ಬೆನ್ನು ತಟ್ಟಿ, ಗಂಟಲಿಂದ ಇಳಿಯಲಿ ಎಂದು ಇನ್ನೊಂದು ಗುಟುಕು ಹಾಕುತ್ತಿದ್ದಳು. ಮೂರನೇ ವಾರ ಅಪ್ಪ ತೀರಿಕೊಂಡರು. ವಯಸ್ಸಾಗಿತ್ತು ಎಂದರು ಎಲ್ಲರೂ. ಕೆಲವು ವರ್ಷದ ಮೇಲೆ ಹ್ಯಾಲಿಫ್ಯಾಕ್ಸ್‌ನ ತರಗತಿಯಲ್ಲಿ ಮೇಷ್ಟರು ಗಂಟಲಿನ ಚಿತ್ರ ಬರೆದು ಅನ್ನದ್ದೊಂದು, ಉಸಿರಿನದೊಂದು ಎಂದು ಎರಡು ದಾರಿ ತೋರಿಸಿದಾಗ, ಲೊರೆಟ್ಟಾ ಎದ್ದು ಹೊರಗೆ ಹೋದರಂತೆ. ಅರ್ಧ ಗಂಟೆ ಬಿಟ್ಟು ಒಳಗೆ ಬಂದು, ಮೊದಲ ಬೆಂಚಿನಲ್ಲಿ ಕೂತರಂತೆ.

ಏಪ್ರಿಲ್‌ನಿಂದ ಫಾನ್ಸ್‌ರಿಗೆ ಪಾಠ ನಡೆದಿದೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯುವುದು. ಮಲಗಿಕೊಂಡೇ ತಲೆ ಎತ್ತಿ ಕಾಲ್ಬೆರಳು ನೋಡುವುದು. ದೊಡ್ಡ ಗುಳಿಗೆ ನುಂಗುವವರಂತೆ ಬಲ ಹಾಕಿ ಬರೀ ಎಂಜಲು ನುಂಗುವುದು. ದಿನಕ್ಕೆ ಮೂರು ಹೊತ್ತು, ಆರು ವಾರ. ಎಲ್ಲಕ್ಕಿಂತ ಕಷ್ಟವಾದದ್ದು ಕತ್ತು ತಗ್ಗಿಸುವುದು. ದೋಣಿಯವರು ತಲೆ ಹಿಂದಕ್ಕೆಸೆದು ಗಟಗಟನೆ ಕುಡಿಯುವವರು. ತಲೆ ಹಿಂದಕ್ಕೆ ಹೋದಾಗಲೇ ಫಾನ್ಸ್‌ರ ಉಸಿರಿನ ದಾರಿ ತೆರೆದುಕೊಳ್ಳುತ್ತದೆ ಎಂದು, ನುಂಗುತ್ತಿರುವಾಗಲೇ ತೆಗೆದ ಮೊದಲ ಎಕ್ಸ್‌ರೇ ತೋರಿಸಿತ್ತು. ಗದ್ದ ಎದೆಗಿಳಿಸಿದರೆ ವಾಸಿ. ಎಲ್ಲರಿಗೂ ಇದು ಒಗ್ಗುವುದಿಲ್ಲ, ಕೆಲವರಿಗೆ ಕೆಡುಕೂ ಆಗುತ್ತದೆ, ನೋಡದೆ ಹೇಳಿಕೊಡಬಾರದು ಎಂದು ಲೊರೆಟ್ಟಾ ನನಗೆ ಎರಡೆರಡು ಸಲ ಎಚ್ಚರಿಸಿದ್ದಾರೆ.

ಎಷ್ಟು ಹೇಳಿದರೂ ಫಾನ್ಸ್ ಮರೆಯುತ್ತಿದ್ದರು. ಕೊನೆಗೆ ಲೊರೆಟ್ಟಾ ಒಂದು ದಾರಿ ಹುಡುಕಿದರು. "ಊಟಕ್ಕೆ ಮುಂಚೆ ಪ್ರಾರ್ಥನೆಗೆ ತಲೆ ಬಗ್ಗಿಸ್ತೀಯಲ್ಲ, ಹಾಗೇ ಬಗ್ಗಿಸು. ಬಗ್ಗಿಸಿದ್ದಾಗ್ಲೇ ನುಂಗು. ನುಂಗಿದ ಮೇಲೆ ಆಮೆನ್." ನಾಲ್ಕು ವರ್ಷದವನಿದ್ದಾಗಿನಿಂದ ಬಗ್ಗಿದ ಕತ್ತು, ಮತ್ತೆ ಕಲಿಯಬೇಕಾಗಲಿಲ್ಲ.

ನಾನು ನೋಡುವ ಮಂಗಳವಾರ ಬೆಳಿಗ್ಗೆ ಫಾನ್ಸ್ ತಿಂಡಿಯೊಂದಕ್ಕೇ ಮೂವತ್ತೊಂದು ಸಲ ತಲೆ ತಗ್ಗಿಸುತ್ತಾರೆ. "ಪಾದ್ರಿ ಮುಂದೂ ಇಷ್ಟು ಬಗ್ಗಿಲ್ಲ ಕಣೇ ನಾನು," ಎನ್ನುತ್ತಾರೆ.

"ಬಗ್ಗಿದ್ರೆ ಇಷ್ಟೊತ್ತಿಗೆ ಸಂತನಾಗಿರ್ತಿದ್ದೆ. ಮಾತು ಸಾಕು, ಮುಂದಿನ ಚಮಚ."

ಗುರುವಾರ ಸೇಂಟ್ ಜಾನ್ಸ್‌ನ ದೊಡ್ಡ ಆಸ್ಪತ್ರೆಯಲ್ಲಿ ಎರಡನೇ ಎಕ್ಸ್‌ರೇ. ಇದರಲ್ಲೂ ಎದೆಗೆ ಇಳಿದರೆ ಮುಂದಿನ ವಾರ ನಳಿಗೆ. ಕಾರ್ಮೆಲ್ ಗಂಡನ ಟೋಪಿ ಹಿಡಿದು ಹೊರಗೇ ಕೂರುತ್ತಾರೆ, ಒಳಗೆ ಬರಲಾರೆ ಎನ್ನುತ್ತಾರೆ. ನಾನು ಗಾಜಿನ ಹಿಂದೆ ನಿಲ್ಲುತ್ತೇನೆ. ಪರದೆಯಲ್ಲಿ ಕಾಣಲೆಂದು ಸುಣ್ಣ ಕಲಸಿದ ನೀರಿನಂಥ ಬಿಳಿ ದ್ರವ ಕುಡಿಯಲು ಕೊಡುತ್ತಾರೆ. ಪರದೆಯ ಮೇಲೆ ಫಾನ್ಸ್‌ರ ತಲೆಬುರುಡೆ, ಕತ್ತಿನ ಮೂಳೆ. ಮೊದಲು ತಲೆ ನೇರವಾಗಿಟ್ಟು. ಬಿಳಿ ಗೆರೆ ನಾಲಿಗೆಯ ಬುಡದಿಂದ ಜಾರಿ, ಒಂದು ಎಳೆ ಮುಂದಿನ ದಾರಿಗೆ, ಉಸಿರಿನ ದಾರಿಗೆ ಇಳಿಯುತ್ತದೆ. ಫಾನ್ಸ್ ಕೆಮ್ಮುತ್ತಾರೆ. ನಳಿಗೆ ಖಾಯಂ ಎಂದುಕೊಳ್ಳುತ್ತೇನೆ. ಲೊರೆಟ್ಟಾ ಮಾತ್ರ ನನ್ನ ತೋಳು ಹಿಡಿದು, "ಕೆಮ್ಮಿದ," ಎಂದು ಪಿಸುಗುಟ್ಟುತ್ತಾರೆ. "ಗಂಟಲಿಗೆ ನೆನಪು ಬಂದಿದೆ."

ಆಮೇಲೆ ಒಳಗೆ ಹೋಗಿ, "ಈಗ ಪ್ರಾರ್ಥನೆ ಫಾನ್ಸ್," ಎನ್ನುತ್ತಾರೆ. ಪರದೆಯ ಮೇಲಿನ ಬುರುಡೆ ಬಾಗುತ್ತದೆ. ಬಿಳಿ ಗೆರೆ ಇಳಿಯುತ್ತದೆ, ಈ ಸಲ ಹಿಂಬದಿಯ ಅನ್ನದ ದಾರಿಗೆ, ಇಡಿಯಾಗಿ. ಇನ್ನೊಂದು ಗುಟುಕು, ಮತ್ತೊಂದು. ಮುಂದಿನ ದಾರಿ ಕಪ್ಪಾಗಿಯೇ ಉಳಿಯುತ್ತದೆ. ಹತ್ತು ಗುಟುಕಿನ ತನಕ ಲೊರೆಟ್ಟಾ ನಗುವುದಿಲ್ಲ. ಹೊರಗೆ ಬಂದು ಕಾರ್ಮೆಲ್ ಎದುರು ನಿಂತಾಗಲೂ ಹೇಳುವುದು ಇಷ್ಟೇ: "ನಳಿಗೆ ಬೇಡ. ದಿನಕ್ಕೆ ಒಂದು ಕಪ್ ಚಹಾ, ಪುಡಿಯಿಲ್ಲದ್ದು. ಹಲ್ಲು ಉಜ್ಜಿದ ಮೇಲೆ, ನೆಟ್ಟಗೆ ಕೂತು, ತಲೆ ತಗ್ಗಿಸಿ. ಮಿಕ್ಕಿದ್ದೆಲ್ಲ ಇನ್ನೂ ಮಂದವಾಗೇ." ಕಾರ್ಮೆಲ್ ಟೋಪಿಯಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ.

ಭಾನುವಾರ ಮಧ್ಯಾಹ್ನ ಟೋಬಿನ್ ಮನೆಯ ಮೇಜಿನ ಮೇಲೆ ಚಹಾದ ಕೆಟಲು, ಪಕ್ಕದಲ್ಲಿ ಎರಡು ತೂತು ಕೊರೆದ ಹಾಲಿನ ಡಬ್ಬಿ. ಕಾರ್ಮೆಲ್ ಡಬ್ಬಿ ಎತ್ತಿ, ಮತ್ತೆ ಕೆಳಗಿಡುತ್ತಾರೆ. "ಹಾಕೇ, ಹೆದರ್ಬೇಡ," ಎನ್ನುತ್ತಾರೆ ಲೊರೆಟ್ಟಾ. ಫಾನ್ಸ್ ಕಪ್ಪು ಎತ್ತಿ ಒಂದು ಸಣ್ಣ ಗುಟುಕು ತೆಗೆದುಕೊಂಡು ತಲೆ ತಗ್ಗಿಸುತ್ತಾರೆ. ಯಾರೂ ಹೇಳದೆ ನಾವು ಮೂವರೂ ತಗ್ಗಿಸುತ್ತೇವೆ. ಫಾನ್ಸ್‌ರ ಗಂಟಲು ಒಂದು ಸಲ ಏರಿ ಇಳಿಯುತ್ತದೆ.

"ಆ ಅನ್ನು," ಎನ್ನುತ್ತಾರೆ ಲೊರೆಟ್ಟಾ. ದನಿ ಒದ್ದೆಯಾಗಿದ್ದರೆ ಗಂಟಲಲ್ಲೇ ಏನೋ ನಿಂತಿದೆ ಎಂದು ಅರ್ಥ.

"ಆ..."

ದನಿ ಒಣಗಿದೆ, ತಿಳಿಯಾಗಿದೆ. "ಆಮೆನ್," ಎನ್ನುತ್ತಾರೆ ಫಾನ್ಸ್. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮತ್ತೆ ಎತ್ತುತ್ತಾರೆ. ಕಣ್ಣಲ್ಲಿ ನೀರು. ಅರ್ಧ ಗಂಟೆ ಹಿಡಿಯುತ್ತದೆ ಆ ಕಪ್ಪು ಮುಗಿಯಲು. ಯಾರಿಗೂ ಅವಸರವಿಲ್ಲ.

ಕಾರಿನ ತನಕ ಬಂದು, ಪತ್ರಿಕೆಯವರು ಕೇಳಲೇಬೇಕಾದ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ಇನ್ನು ಏನಾಸೆ? ಲೊರೆಟ್ಟಾ ಚೀಲದಲ್ಲಿ ಬೀಗದ ಕೈ ಹುಡುಕುತ್ತಾರೆ.

"ಊಟದ ಮೇಜಲ್ಲಿ ಯಾರಿಗೂ ನನ್ನ ನೆನಪು ಬರಬಾರ್ದು, ಅಷ್ಟೇ. ಚಹಾ ಕುಡೀಬೇಕು, ಮೀನು ತಿನ್ಬೇಕು, ಮಂಜನ್ನ ಬೈಕೊಂಡು ಎದ್ದು ಹೋಗ್ಬೇಕು. ನಮ್ಮಪ್ಪ ಹಾಗೆ ಎದ್ದು ಹೋಗ್ಲಿಲ್ಲ."