ವೆಂಕಟು ಮಾತು ಬಿಟ್ಟ ಚಳಿಗಾಲ

ಕಳೆದ ಸೋಮವಾರ ಬೆಳಿಗ್ಗೆ ನನ್ನ ತಮ್ಮ ನನಗೆ ಬೈದ.

"ಏನಕ್ಕಾ ಇದು ಕಾಫಿ? ಬಟ್ಟೆ ಒಗ್ದ ನೀರಿದ್ದಂಗೈತೆ. ಬುದ್ಧಿ ಇಲ್ವಾ ನಿಂಗೆ?"

ನಾನು ಅಡುಗೆಮನೆಗೆ ಹೋಗಿ, ಬಾಗಿಲ ಹಿಂದೆ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕೆ. (ಕಾಫಿ ನಿಜಕ್ಕೂ ನೀರಾಗಿತ್ತು. ಹಾಲಿನವನು ಬಂದಿರಲಿಲ್ಲ.) ಬೈಸಿಕೊಂಡು ಇಷ್ಟು ಖುಷಿಪಟ್ಟ ಹೆಂಗಸು ಈ ಮುಳಬಾಗಿಲಿನಲ್ಲಿ ಇನ್ನೊಬ್ಬಳು ಇರಲಾರಳು.

ಈ ಅಂಕಣದಲ್ಲಿ ಬಸ್‌ಸ್ಟ್ಯಾಂಡಿನ ಗಲೀಜು, ನಲ್ಲಿ ನೀರಿನ ಜಗಳ, ನಮ್ಮ ಸ್ಕೂಲಿನ ಹುಡುಗಿಯರ ತರಲೆ ಎಲ್ಲ ಬರೆದಿದ್ದೇನೆ. ಮನೆಯೊಳಗಿನದನ್ನು ಬರೆದಿಲ್ಲ. ನಡುವೆ ಕೆಲವು ವಾರ ಅಂಕಣ ಬರಲಿಲ್ಲವಲ್ಲ, ಏನಾಗಿತ್ತು ಎಂದು ನಿಮ್ಮಲ್ಲಿ ಕೆಲವರು ಕೇಳಿದಿರಿ. ಇವತ್ತು ಹೇಳಿಬಿಡುತ್ತೇನೆ.

ನನ್ನ ತಮ್ಮನ ಹೆಸರು ವೆಂಕಟೇಶ. ನಮಗೆಲ್ಲ ವೆಂಕಟು. ಮೂವತ್ತು ದಾಟಿದ ಆಳು. ಆದರೆ ಬುದ್ಧಿ ಬೆಳೆದದ್ದು ಕಡಿಮೆ. ನಡೆದದ್ದು ತಡ, ಮಾತಾಡಿದ್ದು ಇನ್ನೂ ತಡ. ಒಂದನೇ ಕ್ಲಾಸಿನ ಮೇಷ್ಟ್ರು ಅಮ್ಮನಿಗೆ ಕೈಮುಗಿದು, ಇವನನ್ನು ಮನೆಯಲ್ಲೇ ಇಟ್ಟುಕೊಳ್ಳಿ ತಾಯಿ ಎಂದಿದ್ದರು. ಗಡಿಯಾರ ನೋಡಲು ಬಾರದು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಳ್ಳುತ್ತಾನೆ. ಆದರೆ ತಡವಾಗಿ ಬಂದ ಮಾತು ಒಮ್ಮೆ ಬಂದ ಮೇಲೆ ನಿಲ್ಲಲೇ ಇಲ್ಲ. ದಾರಿಯಲ್ಲಿ ಸಿಕ್ಕ ಎಲ್ಲರನ್ನೂ, ಬೆಳಿಗ್ಗೆ ಆರು ಗಂಟೆಯಾದರೂ ಸರಿ, "ಊಟ ಆಯ್ತಾ?" ಎಂದು ಕೇಳುತ್ತಾನೆ. ರೇಡಿಯೋದಲ್ಲಿ ವಾರ್ತೆ ಓದುವವರಿಗೂ ಉತ್ತರ ಕೊಡುತ್ತಾನೆ.

ಬಸ್‌ಸ್ಟ್ಯಾಂಡಿನ ಹಿಂದೆ ಖಾದರ್ ಸಾಹೇಬರ ಗೋಲಿ ಸೋಡಾ ಅಂಗಡಿ ಇದೆ. ಅಲ್ಲಿ ಬಾಟಲಿ ತೊಳೆಯುವುದು ಅವನ ಕೆಲಸ. ಅಮ್ಮ ತೀರಿಕೊಂಡು ವರ್ಷಗಳಾದವು. ನಾನು ಮದುವೆಯಾಗಲಿಲ್ಲ. ಮನೆಯಲ್ಲಿ ನಾವಿಬ್ಬರೇ.

ಇಬ್ಬರೇ ಇದ್ದರೂ ಹತ್ತು ಜನರ ಸದ್ದು ಇರುತ್ತಿತ್ತು. ದೀಪಾವಳಿ ಕಳೆದ ಮೇಲೆ ಆ ಸದ್ದು ಇಳಿಯತೊಡಗಿತು.

ಮೊದಲು ಹೋದದ್ದು ಆ "ಊಟ ಆಯ್ತಾ?". ಆಮೇಲೆ ರೇಡಿಯೋ ಹಾಕಿದರೆ ಎದ್ದು ಹೋಗಿ ಆರಿಸುತ್ತಿದ್ದ. ತಟ್ಟೆಯ ಮುಂದೆ ಕೂತು ಮುದ್ದೆಯನ್ನು ಬೆರಳಿನಿಂದ ಸುಮ್ಮನೆ ಒತ್ತುತ್ತಿದ್ದ, ಬಾಯಿಗೆ ಹಾಕುತ್ತಿರಲಿಲ್ಲ. ಸ್ನಾನಕ್ಕೆ ಕರೆದರೆ ಬಚ್ಚಲಿನ ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಿದ್ದ. ಒಂದು ದಿನ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದ. ಎರಡೂ ಕೈ ಹಿಡಿದುಕೊಂಡೆ. ಅವನ ಶಕ್ತಿಯೆಲ್ಲಿ, ನನ್ನದೆಲ್ಲಿ? ಆದರೂ ಬಿಡಿಸಿಕೊಳ್ಳಲಿಲ್ಲ. ಹಿಡಿದುಕೋ ಎಂಬಂತೆ ಕೈಗಳನ್ನು ನನಗೇ ಬಿಟ್ಟು ಕೂತಿದ್ದ.

ಖಾದರ್ ಸಾಹೇಬರು ಮನೆ ಬಾಗಿಲಿಗೆ ಬಂದರು.

"ಟೀಚರಮ್ಮಾ, ನಮ್ ವೆಂಕಟೇಶಂಗೆ ಏನೋ ಆಗೈತೆ. ಬಾಟ್ಲಿ ತೊಳೀತಾ ತೊಳೀತಾ ಅಳ್ತಾನೆ. ಯಾಕೋ ಅಂದ್ರೆ ಮಾತಿಲ್ಲ."

ನಮ್ಮೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ವೆಂಕಟುವಿನ ಕಡೆ ನೋಡದೆ ನನ್ನ ಕಡೆ ನೋಡಿ, "ಇಂಥವರು ಇನ್ನು ಹೇಗಿರ್ತಾರೆ ಟೀಚರ್? ವಯಸ್ಸಾಗ್ತಾ ಜಾಸ್ತಿ ಆಗತ್ತೆ. ನೀವು ಮನಸ್ಸಿಗೆ ಹಚ್ಕೋಬೇಡಿ" ಎಂದು ಟಾನಿಕ್ ಬರೆದುಕೊಟ್ಟರು. ನಮ್ಮ ಹೆಡ್‌ಮಿಸ್ಟ್ರೆಸ್ಸು, "ಪಾಪ, ಅವನಿಗೇನು ತಿಳಿಯುತ್ತೆ, ಕಷ್ಟ ಎಲ್ಲಾ ನಿಮಗೇ" ಎಂದರು. ಶ್ರೀನಿವಾಸಪುರದಿಂದ ಅಕ್ಕನ ಗಂಡ, ನಮ್ಮ ಭಾವ ಬಂದರು. ವೆಂಕಟು ಮಲಗುವ ಹಿಂದಿನ ಕೋಣೆಯನ್ನು ಒಂದು ಸುತ್ತು ನೋಡಿ ಬಂದು ಮೆಲ್ಲಗೆ ಹೇಳಿದರು.

"ಆ ರೂಮಿಗೆ ಒಂದು ಚಿಲಕ ಹಾಕ್ಸಮ್ಮಾ, ಹೊರಗಡೆಯಿಂದ. ನೀನು ಹೆಂಗಸು, ಒಬ್ಳೇ ಇದೀಯ. ನಾಳೆ ಕೈ ಮಾಡಿದ್ರೆ?"

"ನನ್ನ ಮೇಲೆ ಅವನು ಯಾವತ್ತು ಕೈ ಮಾಡಿದ್ದಾನೆ ಭಾವ?"

"ಮಾಡಿಲ್ಲ. ಮಾಡಿದ್ರೆ ಅಂತ."

ಕಾಲು ಊನವಾದವರಿಗೆ ಜ್ವರ ಬಂದರೆ, ಕಾಲು ಹಾಗಿದೆಯಲ್ಲ, ಜ್ವರ ಬರದೆ ಇನ್ನೇನು ಎನ್ನುತ್ತೇವೆಯೇ? ಬುದ್ಧಿ ಕಡಿಮೆ ಇದ್ದವನ ಮನಸ್ಸು ನೋಯಬಾರದೇ? ಅವನಿಗೆ ಮನಸ್ಸೇ ಇಲ್ಲ ಎಂದು ಊರೆಲ್ಲ ಸೇರಿ ಯಾವಾಗ ತೀರ್ಮಾನ ಮಾಡಿತು? ಪ್ರಶ್ನೆಗಳೇನೋ ನನ್ನ ಹತ್ತಿರ ರಾಶಿ ಇದ್ದವು. ಕೇಳಲು ಎದುರಿಗೆ ಒಬ್ಬರು ಬೇಕಲ್ಲ? ಸ್ಕೂಲಿನಿಂದ ಬಂದು, ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿರುವಾಗ, ನಾನು ತರಕಾರಿ ಹೆಚ್ಚುತ್ತಾ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಿದ್ದೆ. ಮನೆಯಲ್ಲಿ ಒಂದು ದನಿಯಾದರೂ ಇರಲಿ ಎಂದು.

ಸಂಕ್ರಾಂತಿಗೆ ಮುಂಚೆ ಒಂದು ಮಧ್ಯಾಹ್ನ ಪಕ್ಕದ ಮನೆಯ ಪದ್ಮಮ್ಮ ಸ್ಕೂಲಿಗೇ ಓಡಿ ಬಂದರು. ವೆಂಕಟು ತೋಪಿನ ಬಾವಿಯ ಕಟ್ಟೆ ಮೇಲೆ ಕಾಲು ಒಳಗೆ ಬಿಟ್ಟುಕೊಂಡು ಕೂತಿದ್ದಾನಂತೆ.

ನಾನು ಹೋಗುವ ಹೊತ್ತಿಗೆ ಜನ ಸೇರಿದ್ದರು. ಯಾರೂ ಹತ್ತಿರ ಹೋಗಿರಲಿಲ್ಲ. ಒಬ್ಬರು ಹಗ್ಗ ತರಲು ಹೇಳುತ್ತಿದ್ದರು, ಬಾವಿಗೋ ಅವನಿಗೋ ಗೊತ್ತಾಗಲಿಲ್ಲ. ಕೂಗಿದರೆ ಬೆದರುತ್ತಾನೆ, ಎಳೆದರೆ ಇಬ್ಬರೂ ಹೋಗುತ್ತೇವೆ. ಏನು ಮಾಡಬೇಕೆಂದು ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. ಹೋಗಿ ಅವನ ಪಕ್ಕದಲ್ಲಿ, ಕಟ್ಟೆಯ ಮೇಲೆ, ಕಾಲು ಹೊರಗಿಟ್ಟುಕೊಂಡು ಕೂತೆ.

ಆಮೇಲೆ ಅವನೇ ಕೇಳಿದ.

"ಅಕ್ಕಾ, ಅವ್ರು ಬಯ್ಯೋದು ನಿಂಗೂ ಕೇಳಿಸ್ತದಾ?"

"ಯಾರೋ?"

"ಅವ್ರು. ಸಾಯಿ ಸಾಯಿ ಅಂತಾರೆ. ಯಾವಾಗ್ಲೂ."

"ಇಲ್ಲ ಕಣೋ. ನನಗೆ ಕೇಳಿಸ್ತಿಲ್ಲ."

"ಖಾದರಣ್ಣಂಗೆ?"

"ಅವರಿಗೂ ಕೇಳಿಸಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

"ನಂಗೊಬ್ನಿಗೇನಾ?"

ಇಷ್ಟು ದಿನ ಎಲ್ಲರಿಗೂ ಕೇಳಿಸುತ್ತಿದೆ, ಕೇಳಿಯೂ ಯಾರೂ ತನ್ನ ಪರವಾಗಿ ಒಂದು ಮಾತು ಆಡುತ್ತಿಲ್ಲ ಎಂದುಕೊಂಡಿದ್ದ ನನ್ನ ತಮ್ಮ. ನಾನೊಬ್ಬಳೇ ಆಗಿಬಿಟ್ಟೆ ಎಂದು ಕೊರಗುತ್ತಿದ್ದ ನನಗೆ, ಅವನು ಎಂಥ ಕಡೆ ಒಬ್ಬನೇ ಕೂತಿದ್ದಾನೆ ಎಂದು ಆಗ ಕಂಡಿತು.

"ಅವರು ಬೈದಾಗ ನನಗೆ ಹೇಳು. ನಾನು ಪಕ್ಕದಲ್ಲಿ ಕೂತ್ಕೋತೀನಿ. ಈಗ ಕಾಲು ಈ ಕಡೆ ಹಾಕು, ನನಗೆ ಬೆನ್ನು ನೋಯ್ತಾ ಇದೆ" ಎಂದೆ. ಅವನು ಒಂದೊಂದೇ ಕಾಲು ಎತ್ತಿ ಈ ಕಡೆ ಹಾಕಿದ.

ಮಾರನೆಯ ದಿನ ಬೆಂಗಳೂರಿನ ಬಸ್ಸು ಹತ್ತಿದೆವು. ಖಾದರ್ ಸಾಹೇಬರು ಅಂಗಡಿ ಮುಚ್ಚಿ ಜೊತೆಗೆ ಬಂದರು. ಕೋಲಾರ ದಾಟುವವರೆಗೂ ವೆಂಕಟು ನನ್ನ ಕೈ ಬಿಡಲಿಲ್ಲ. ನಡುನಡುವೆ, "ಬೈತಾವ್ರೆ" ಎನ್ನುತ್ತಿದ್ದ. "ಹೂಂ, ಇಲ್ಲೇ ಇದೀನಿ" ಎನ್ನುತ್ತಿದ್ದೆ. ಮುಂದಿನ ಸೀಟಿನವರು ಎದ್ದು ಹೋಗಿ ಬೇರೆ ಕಡೆ ನಿಂತುಕೊಂಡರು.

ಅಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತರು. "ವೆಂಕಟೇಶ್, ಬಯ್ಯೋರು ಗಂಡಸರಾ, ಹೆಂಗಸರಾ?" ಎಂದು ಅವನನ್ನೇ ಕೇಳಿದರು. "ಗಂಡಸ್ರು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಚೆನ್ನಾಗಿದ್ದಾಗ ಇವರು ಹೇಗಿದ್ರು ಹೇಳಿ" ಎಂದರು.

ಚೆನ್ನಾಗಿದ್ದಾಗ! ಈ ಮೂವತ್ತು ವರ್ಷದಲ್ಲಿ ಅದನ್ನು ಕೇಳಿದವರು ಒಬ್ಬರಿಲ್ಲ. ಹೇಳುತ್ತಾ ಹೋದೆ. ಅವನ ಬಾಯಿ, ಅವನ ಜಗಳ, ರೇಡಿಯೋದವರ ಜೊತೆ ಅವನ ವಾದ. ಹೊರಗೆ ಜನ ಕಾಯುತ್ತಿದ್ದರೂ ಆಕೆ ನನ್ನನ್ನು ತಡೆಯಲಿಲ್ಲ.

"ಹಾಗಾದ್ರೆ ಇದು ಅವರ ಸ್ವಭಾವ ಅಲ್ಲ, ಕಾಯಿಲೆ. ಬುದ್ಧಿ ಬೆಳೀದೇ ಇರೋದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಇದಕ್ಕೆ ಇದೆ" ಎಂದರು.

ಔಷಧಿ ಅಂದರೆ ಮಂತ್ರವೇನಲ್ಲ. ವಾರಗಟ್ಟಲೆ ಅಲ್ಲೇ ಇದ್ದೆವು. ಮೊದಮೊದಲು ಮಾತ್ರೆಯಿಂದ ಕೈ ನಡುಗಿ, ಬಾಯಲ್ಲಿ ಜೊಲ್ಲು ಸುರಿದು, ನಡೆಯುವಾಗ ಮುದುಕನಂತೆ ಕಾಣುತ್ತಿದ್ದ. ತಪ್ಪು ಮಾಡಿದೆನೇನೋ ಎಂದು ಹೆದರಿದೆ. ಡಾಕ್ಟರು ಮಾತ್ರೆ ಬದಲಾಯಿಸಿದರು. ಸಂಜೆ ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂರುತ್ತಿದ್ದೆವು. ಬೇರೆಯವರನ್ನು ನೋಡಲು ಬುಟ್ಟಿ ಹಿಡಿದು ನೆಂಟರು ಬರುತ್ತಿದ್ದರು. ನಮ್ಮ ಕಡೆಯಿಂದ ಖಾದರ್ ಸಾಹೇಬರು ಭಾನುವಾರಗಳಲ್ಲಿ ಬಂದು ಹೋಗುತ್ತಿದ್ದರು. ಶ್ರೀನಿವಾಸಪುರದಿಂದ ಯಾರೂ ಬರಲಿಲ್ಲ. ಮನೆಯಲ್ಲಿ ಮದುವೆ ಮಾತುಕತೆ ನಡೀತಿದೆ, ಆ ಆಸ್ಪತ್ರೆಗೆ ಬಂದದ್ದು ಗೊತ್ತಾದರೆ ಸರಿಹೋಗಲ್ಲ ಎಂದು ಅಕ್ಕ ಹೇಳಿ ಕಳಿಸಿದಳು. (ಅವಳ ಮೇಲೆ ನನಗೆ ಸಿಟ್ಟಿಲ್ಲ. ಇದ್ದರೂ ಇಲ್ಲಿ ಬರೆಯುವುದಿಲ್ಲ.)

ಊರಿಗೆ ಬಂದ ಮೇಲೂ ಅವನು ತಿಂಗಳ ಮೇಲೆ ಹೂಂ, ಉಹೂಂ ಬಿಟ್ಟು ಬೇರೆ ಆಡಲಿಲ್ಲ. ಹಾಗೇ ಇದ್ದವನು, ಕಳೆದ ಸೋಮವಾರ ಕಾಫಿ ಚೆನ್ನಾಗಿಲ್ಲ ಎಂದು ಬೈದ. ಬುಧವಾರ ತಾನೇ ಅಂಗಿ ಹಾಕಿಕೊಂಡು ಸೋಡಾ ಅಂಗಡಿಗೆ ಹೋಗಿ ಕೂತ. ಪೂರ್ತಿ ವಾಸಿಯಾಗಿದೆ ಎಂದು ನಾನು ಹೇಳಲಾರೆ. "ಈಗ್ಲೂ ಬೈತಾರಾ?" ಎಂದು ಕೇಳಿದರೆ, ಸ್ವಲ್ಪ ಯೋಚಿಸಿ, "ಮೆಲ್ಲಗೆ ಬೈತಾರೆ. ನಾನು ಕೆಲ್ಸ ಮಾಡ್ತೀನಿ" ಎನ್ನುತ್ತಾನೆ. ಮಾತ್ರೆ ಇನ್ನೂ ಎಷ್ಟು ಕಾಲವೋ.

ನಿನ್ನೆ ಕಾಂಪೌಂಡಿನ ಆಚೆ ನಿಂತು ಪದ್ಮಮ್ಮ ಅವನನ್ನು ನೋಡುತ್ತಿದ್ದರು. ಅವನು ಬೀದಿಯಲ್ಲಿ ಹೋಗುವ ಪೋಸ್ಟ್‌ಮ್ಯಾನನ್ನು ನಿಲ್ಲಿಸಿ ಏನೋ ವಿಚಾರಿಸುತ್ತಿದ್ದ. ಗುಂಡಿ ಮೇಲೆ ಕೆಳಗಾಗಿತ್ತು. ಪದ್ಮಮ್ಮನ ಮುಖದಲ್ಲಿ ನಿಜವಾದ ಮರುಕವಿತ್ತು.

"ಅಷ್ಟು ದೂರ ಕರ್ಕೊಂಡೋಗಿ, ಅಷ್ಟು ದಿನ ಒದ್ದಾಡಿ, ಕೊನೆಗೆ ಮೊದ್ಲಿನಂಗೇ ಆದ್ನಲ್ಲ ಟೀಚರೇ" ಎಂದರು.

ಹೌದು, ಮೊದಲಿನ ಹಾಗೇ ಆದ. ಈ ಸಂತೋಷವನ್ನು ನಾನು ಈ ಊರಿನಲ್ಲಿ ಯಾರ ಹತ್ತಿರ ಹೇಳಿಕೊಳ್ಳಲಿ?