ಶುಕ್ರವಾರದ ಕೋಳಿ ಸಾರು

ಸೊಳ್ಳೆಗೆ ಡಿಡಿಟಿ ಹೊಡೆಯುವ ಪಂಪು ಹೊತ್ತು ನಾನು ಕವಲೇದುರ್ಗದ ಕೆಳಗಿನ ಹಳ್ಳಿಗಳನ್ನು ಸುತ್ತುತ್ತಿದ್ದ ಕಾಲ ಅದು. ತಪಸ್ಸುಕಾಲದ ಒಂದು ಶುಕ್ರವಾರ, ಕ್ರೈಸ್ತರಾದ ನಾವು ಮಾಂಸ ಮುಟ್ಟಬಾರದ ದಿನ, ಗೌಡರೊಬ್ಬರ ಮನೆಯ ಗೋಡೆಗಳನ್ನೆಲ್ಲ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಗೌಡ್ತಿಯಮ್ಮ ಬಾಳೆಲೆ ಹಾಕಿ ಕಡುಬು, ಕೋಳಿ ಸಾರು ಬಡಿಸಿಯೇಬಿಟ್ಟರು.

ತಿಂದರೆ ಪಾಪ, ಬಿಟ್ಟರೆ ಬಡಿಸಿದವರಿಗೆ ಬೇಜಾರು. ಇಂಥ ಇಕ್ಕಟ್ಟಿಗೆಂದೇ ನಮ್ಮ ಫಾದರ್ ಒಂದು ದಾರಿ ಕಲಿಸಿದ್ದರು: ಕಣ್ಣು ಮುಚ್ಚಿ ಪ್ರಾರ್ಥಿಸು, ಯಾವುದನ್ನು ನೆನೆದರೆ ಮನಸ್ಸು ಶಾಂತವಾಗುತ್ತದೋ ಅದೇ ದೇವರ ಇಚ್ಛೆ.

ಕಣ್ಣು ಮುಚ್ಚಿದೆ. ಮೊದಲು ಬರೀ ಕಡುಬನ್ನು ನೆನೆದೆ. ಮನಸ್ಸು ಕದಡಿಹೋಯಿತು. ಆಮೇಲೆ ಕೋಳಿಯನ್ನು ನೆನೆದೆ. ಸಾರಿನ ಘಮ ಮೂಗಿಗೆ ಬಡಿಯಿತು. ಎಂಥ ಶಾಂತಿ ಅದು! ಚರ್ಚಿನ ಬಲಿಪೂಜೆಯಲ್ಲೂ ಅಷ್ಟು ಸಿಕ್ಕಿರಲಿಲ್ಲ. ಆತುರ ಬೇಡವೆಂದು ಇನ್ನೊಮ್ಮೆ ನೆನೆದು ಖಾತ್ರಿ ಮಾಡಿಕೊಂಡೆ.

ಕಣ್ಣು ಬಿಟ್ಟರೆ ಮುಂದೆ ಬೇರೆಯೇ ಎಲೆ! ಅದರ ಮೇಲೆ ಕಡುಬು, ಪಕ್ಕದಲ್ಲಿ ಕಾಯಿಚಟ್ನಿ.

"ಇವತ್ತು ನಿಮ್ದು ವ್ರತ ಅಂತ ಮೊದ್ಲೇ ಹೇಳ್ಬಾರ್ದಾ ಮಾರಾಯ್ರೇ?" ಎಂದರು ಗೌಡ್ತಿಯಮ್ಮ. "ಅಷ್ಟೊತ್ತು ದೇವ್ರನ್ನ ನೆನ್ಕೊಂಡು ಕೂತಿದ್ ನೋಡೇ ಗೊತ್ತಾಯ್ತು. ಎಲೆ ಬದ್ಲಾಯ್ಸಿದೀನಿ, ಉಣ್ಣಿ."

ಗೌಡರು ಕೋಳಿ ಕಾಲು ಚೀಪುತ್ತ, "ಇಂಥ ಭಕ್ತಿ ಈಗ ಯಾರಿಗಿದೆ ಹೇಳಿ" ಎಂದು ಮೆಚ್ಚಿ ತಲೆಯಾಡಿಸಿದರು. ನಾನು ಚಟ್ನಿ ನೆಕ್ಕಿದೆ.

ಭಾನುವಾರ ಫಾದರ್ ಎಲ್ಲ ಕೇಳಿ, "ಹಾಗಾದರೆ ದೇವರ ಇಚ್ಛೆ ಏನೆಂದು ಗೊತ್ತಾಯಿತಲ್ಲ?" ಎಂದರು.

"ನನಗಿಂತ ಮೊದಲು ಗೌಡ್ತಿಯಮ್ಮನಿಗೆ ಗೊತ್ತಾಯಿತು, ಫಾದರ್" ಎಂದೆ.